ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಸಾಕಾ? ಸಂಗಾತಿಗೆ ಜಾಮೀನು ಹಾಕುವ ಲೆಕ್ಕ

ನಮ್ಮ ಕ್ಲಾಸಿನಲ್ಲಿ ಇಬ್ಬರು ಅಮೆರಿಕನ್ನರಿದ್ದಾರೆ. ನೋಡಿದರೆ ಗೊತ್ತಾಗಲ್ಲ. ಒಬ್ಬ ಮೈಸೂರಿನ ಕುವೆಂಪುನಗರದವನು, ಇನ್ನೊಬ್ಬಳು ಬೆಂಗಳೂರಿನ ವಿಜಯನಗರದವಳು. ಅಪ್ಪ ಎಚ್-1ಬಿ ವೀಸಾದಲ್ಲಿ ಅಲ್ಲಿದ್ದಾಗ ಹುಟ್ಟಿದವರು, ನರ್ಸರಿ ಸೇರೋ ಹೊತ್ತಿಗೆ ವಾಪಸ್ ಬಂದವರು. ಅಲ್ಲಿ ಹುಟ್ಟಿದ್ದಕ್ಕೆ ಅಮೆರಿಕದ ಪಾಸ್‌ಪೋರ್ಟ್, ಇಲ್ಲಿ ಇರೋದಕ್ಕೆ ಒಸಿಐ ಕಾರ್ಡು. ಮೆಸ್ಸಿನಲ್ಲಿ ಅನ್ನಕ್ಕೆ ಸಾರು ಕಲಸುವಾಗ ಅವರಿಗೂ ನಮಗೂ ಒಂದು ಚೂರೂ ವ್ಯತ್ಯಾಸ ಇಲ್ಲ.

ಹೋದ ಸೆಮ್‌ನಲ್ಲಿ ಯಾರೋ ಮೈಸೂರಿನವನನ್ನು ರೇಗಿಸಿದರು: "ನಿಂಗೇನು ಮಗಾ, ಮದುವೆ ಆದ್ಮೇಲೆ ಹೆಂಡ್ತೀನ ಕರ್ಕೊಂಡು ಫ್ಲೈಟ್ ಹತ್ತೋದೇ." ಅವನೂ ನಕ್ಕ, ನಾವೂ ನಕ್ಕೆವು. ಅದೇ ವಾರ ನಮ್ಮ ಪತ್ರಿಕೆ ತಂಡದ ಗೆಳತಿಯೊಬ್ಬಳು ಅವಳ ಅಕ್ಕನ ಕಥೆ ಹೇಳಿದಳು. ಆಮೇಲೆ ಆ ಜೋಕು ಅಷ್ಟು ನಗು ತರಿಸಲಿಲ್ಲ.

ಅಕ್ಕ ಅಂದರೆ ಅವಳ ದೊಡ್ಡಮ್ಮನ ಮಗಳು, ಹಾಸನದವರು. ಭಾವ ನ್ಯೂಜೆರ್ಸಿಯಲ್ಲಿ ಹುಟ್ಟಿ, ನಾಲ್ಕನೇ ವರ್ಷಕ್ಕೆ ಮೈಸೂರಿಗೆ ಬಂದವರು. ಓದಿದ್ದು, ಕೆಲಸಕ್ಕೆ ಸೇರಿದ್ದು, ಮದುವೆಯಾಗಿದ್ದು ಎಲ್ಲಾ ಇಲ್ಲೇ. ಮಗು ಹುಟ್ಟಿದ ಮೇಲೆ ಅಮೆರಿಕಕ್ಕೆ ಹೋಗೋಣ ಅಂತ ತೀರ್ಮಾನ ಮಾಡಿದರು. ಒಬ್ಬ ಏಜೆಂಟ್, "ನೀವು ಸಿಟಿಜನ್ ಸರ್, ಸಂಬಳಾನೂ ಚೆನ್ನಾಗಿದೆ. ಕಡಿಮೆ ಬಿದ್ರೆ ಅಲ್ಲಿರೋ ನೆಂಟರ ಹತ್ರ ಒಂದು ಸಹಿ ಹಾಕಿಸಿ, ಆಯ್ತು" ಅಂದನಂತೆ. ಅದರಂತೆಯೇ ಮಾಡಿದರು. ಮುಂಬೈಯ ದೂತಾವಾಸದಲ್ಲಿ ಇಂಟರ್‌ವ್ಯೂ ಮುಗಿದಾಗ ಅಕ್ಕನ ಕೈಗೆ ಬಂದದ್ದು ಒಂದು ಚೀಟಿ: ವೀಸಾ ಸದ್ಯಕ್ಕಿಲ್ಲ, ನಿಮ್ಮ ಗಂಡ ಅಮೆರಿಕದಲ್ಲಿ ನೆಲೆಸಿದ್ದಾರೆ ಅಥವಾ ನೆಲೆಸುತ್ತಾರೆ ಅನ್ನೋದಕ್ಕೆ ಪುರಾವೆ ಕೊಡಿ.

ದುಡ್ಡಿನ ಬಗ್ಗೆ ಒಂದು ಮಾತೂ ಇಲ್ಲ. ಅಲ್ಲೇ ನಮಗೆ ಕುತೂಹಲ ಶುರುವಾಗಿದ್ದು. ನಾವು ವಕೀಲರಲ್ಲ, ಮೂರನೇ ಸೆಮ್ ಹುಡುಗರು. ಆದರೂ ಈ ನಿಯಮಗಳನ್ನು ಓದುತ್ತಾ ಹೋದಾಗ ನೆಟ್‌ವರ್ಕ್ ಥಿಯರಿಗಿಂತ ಇದೇ ಇಂಟರೆಸ್ಟಿಂಗ್ ಅನ್ನಿಸಿತು.

ಇದು ವೀಸಾ ಅರ್ಜಿಯಲ್ಲ, ಜಾಮೀನು

ಅಮೆರಿಕದ ಪ್ರಜೆ ತನ್ನ ಗಂಡ ಅಥವಾ ಹೆಂಡತಿಗೋಸ್ಕರ ಮೊದಲು ಐ-130 ಅನ್ನೋ ಅರ್ಜಿ ಹಾಕಬೇಕು. ನಮ್ಮ ಸಂಬಂಧ ನಿಜ ಅಂತ ತೋರಿಸೋ ಅರ್ಜಿ ಅದು. ಪ್ರಜೆಯ ಸಂಗಾತಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿ ಇಲ್ಲ. ನಮ್ಮ ಸೀನಿಯರ್‌ಗಳು ಗ್ರೀನ್ ಕಾರ್ಡಿಗೆ ಕಾಯೋ ದೊಡ್ಡ ಕ್ಯೂ ಇಲ್ಲಿ ಇಲ್ಲ. ಹಾಗಂತ ಸುಲಭ ಅಂದ್ಕೋಬೇಡಿ. ಅರ್ಜಿ ಒಪ್ಪಿಗೆ ಆದಮೇಲೆ ಎರಡನೇ ಕಾಗದ ಬರುತ್ತೆ, ಐ-864. ಅಫಿಡವಿಟ್ ಆಫ್ ಸಪೋರ್ಟ್. ಇದು ಸಹಿ ಹಾಕಿದವನಿಗೂ ಅಮೆರಿಕ ಸರ್ಕಾರಕ್ಕೂ ನಡುವಿನ ಕಾಂಟ್ರ್ಯಾಕ್ಟು.

ನಮಗೆ ಅರ್ಥ ಆಗೋ ಹಾಗೆ ಹೇಳೋದಾದರೆ ಎಜುಕೇಶನ್ ಲೋನ್ ನೆನಪಿಸಿಕೊಳ್ಳಿ. ಓದೋದು ನಾವು, ಬ್ಯಾಂಕಿನಲ್ಲಿ ಸಹಿ ಹಾಕಿ ಕೂತಿರೋದು ಅಪ್ಪ. ನಮಗೆ ಕೆಲಸ ಸಿಗದಿದ್ದರೆ ಬ್ಯಾಂಕಿನವರು ಅಪ್ಪನನ್ನೇ ಹುಡುಕಿಕೊಂಡು ಬರುತ್ತಾರೆ. ಇಲ್ಲೂ ಹಾಗೇ. ವಲಸೆ ಬಂದವರು ಸರ್ಕಾರದ ಕೆಲವು ಬಡವರ ಯೋಜನೆಗಳ ನೆರವು ಪಡೆದರೆ, ಆ ಹಣವನ್ನು ಸರ್ಕಾರ ಜಾಮೀನುದಾರನಿಂದ ವಸೂಲಿ ಮಾಡಬಹುದು.

ಇದರ ಹಿಂದೆ ದೊಡ್ಡ ಇತಿಹಾಸ ಇದೆ. 1882ರ ಅಮೆರಿಕದ ವಲಸೆ ಕಾಯ್ದೆಯಲ್ಲೇ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಸರ್ಕಾರಕ್ಕೆ ಹೊರೆಯಾಗುವವರನ್ನು ಒಳಗೆ ಬಿಡಬಾರದು ಅಂತ ಬರೆದಿತ್ತು. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ನೆಂಟರು ಕೊಡುತ್ತಿದ್ದ ಭರವಸೆ ಪತ್ರಕ್ಕೆ ಕೋರ್ಟಿನಲ್ಲಿ ಹೆಚ್ಚು ಬೆಲೆ ಇರಲಿಲ್ಲ. 1996ರಲ್ಲಿ ಕಾನೂನು ಬದಲಾಯಿಸಿ ಅದನ್ನು ನಿಜವಾದ ಕರಾರು ಮಾಡಿದರು. 1997ರ ಡಿಸೆಂಬರಿನಿಂದ ಐ-864 ಜಾರಿಯಲ್ಲಿದೆ.

ಎಷ್ಟು ದುಡ್ಡು?

ಲೆಕ್ಕ ಬಹಳ ಸರಳ. ಅಮೆರಿಕ ಸರ್ಕಾರ ಪ್ರತಿ ವರ್ಷ ಬಡತನದ ರೇಖೆಯ ಒಂದು ಪಟ್ಟಿ ಹೊರಡಿಸುತ್ತೆ. ಅದರ ಶೇಕಡ 125ರಷ್ಟು ಆದಾಯ ಜಾಮೀನುದಾರನಿಗೆ ಇರಬೇಕು. 2025ರ ಪಟ್ಟಿಯಲ್ಲಿ ಒಬ್ಬರಿಗೆ 15,650 ಡಾಲರ್, ಆಮೇಲೆ ಸೇರುವ ಪ್ರತಿಯೊಬ್ಬರಿಗೂ 5,500. ಗಂಡ ಹೆಂಡತಿ ಇಬ್ಬರೇ ಆದರೆ 21,150, ಅದನ್ನು 1.25ರಿಂದ ಗುಣಿಸಿದರೆ 26,437. ಅಕ್ಕನ ಮನೆಯಲ್ಲಿ ಮಗು ಸೇರಿ ಮೂವರು, ಹಾಗಾಗಿ 33,312. ಅಲಾಸ್ಕಾಗೂ ಹವಾಯಿಗೂ ಬೇರೆ, ಹೆಚ್ಚಿನ ಪಟ್ಟಿ ಇದೆ.

ಡಾಲರಿಗೆ 86 ರೂಪಾಯಿ ಅಂತ ಇಟ್ಟುಕೊಂಡರೆ 26,437 ಅಂದರೆ ವರ್ಷಕ್ಕೆ ಸುಮಾರು 22.7 ಲಕ್ಷ. ಬೆಂಗಳೂರಿನಲ್ಲಿ ಐದಾರು ವರ್ಷ ಅನುಭವ ಇರೋ ಸಾಫ್ಟ್‌ವೇರ್‌ನವರು ಕೆಲವರಿಗೆ ಈ ಸಂಬಳ ಇರುತ್ತೆ. ಭಾವನಿಗೆ ಅದಕ್ಕಿಂತ ಜಾಸ್ತಿನೇ ಇತ್ತು. ಹಾಗಾದರೆ ಸಮಸ್ಯೆ ಏನು?

ಸಮಸ್ಯೆ ಏನಂದರೆ ಫಾರ್ಮಿನ ಕಣ್ಣಿಗೆ ಆ ಸಂಬಳ ಸೊನ್ನೆ. ಅವರು ಕೇಳೋದು, ಸಂಗಾತಿ ಅಮೆರಿಕಕ್ಕೆ ಬಂದ ಮೇಲೂ ಈ ಆದಾಯ ಇದೇ ಮೂಲದಿಂದ ಮುಂದುವರಿಯುತ್ತಾ ಅಂತ. ಬೆಂಗಳೂರಿನ ಕೆಲಸ ಬಿಟ್ಟು ಹೊರಟವನ ಬೆಂಗಳೂರಿನ ಸಂಬಳ ಮುಂದುವರಿಯಲ್ಲ. ಅದೇ ಕಂಪನಿ ಅಲ್ಲಿಗೆ ಟ್ರಾನ್ಸ್‌ಫರ್ ಕೊಟ್ಟರೆ ಲೆಕ್ಕ ಬೇರೆ. ಹೆಂಡತಿಯ ಆದಾಯಕ್ಕೂ ಇದೇ ಮಾತು: ಅಕ್ಕ ಹಾಸನದಲ್ಲಿ ಲೆಕ್ಚರರ್ ಆಗಿ ದುಡಿದದ್ದು ಈ ಫಾರ್ಮಿನಲ್ಲಿ ಎಲ್ಲೂ ಕೂರಲ್ಲ.

ಇಲ್ಲಿ ಇನ್ನೊಂದು ಗುಂಡಿ ಇದೆ, ಬಹಳ ಜನ ಬೀಳೋದು ಇದಕ್ಕೇ. ಅಮೆರಿಕದ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ, ಆದಾಯ ಒಂದು ಮಿತಿ ದಾಟಿದರೆ ಅಲ್ಲಿನ ಸರ್ಕಾರಕ್ಕೆ ಟ್ಯಾಕ್ಸ್ ರಿಟರ್ನ್ ಸಲ್ಲಿಸಬೇಕು. ಮದುವೆಯಾಗಿ ಬೇರೆ ಬೇರೆ ಸಲ್ಲಿಸುವವರಿಗೆ ಆ ಮಿತಿ ಎಷ್ಟು ಗೊತ್ತಾ? 5 ಡಾಲರ್. ಟೈಪ್ ಮಾಡುವಾಗ ಸೊನ್ನೆ ಬಿಟ್ಟುಹೋಗಿಲ್ಲ, ಐದೇ ಡಾಲರ್. ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ತೆರಿಗೆ ಕಟ್ಟಬೇಕು ಅಂತಿಲ್ಲ. ಹೊರದೇಶದಲ್ಲಿ ದುಡಿದದ್ದರಲ್ಲಿ 2025ನೇ ವರ್ಷಕ್ಕೆ 1,30,000 ಡಾಲರ್‌ವರೆಗೆ ವಿನಾಯಿತಿ ಪಡೆಯಬಹುದು. ಆದರೆ ಐ-864 ಜೊತೆ ಇತ್ತೀಚಿನ ವರ್ಷದ ರಿಟರ್ನ್ ಇಡಬೇಕು. ನಾಲ್ಕನೇ ವಯಸ್ಸಿಗೆ ವಾಪಸ್ ಬಂದ ಹುಡುಗನಿಗೆ ಇದನ್ನು ಯಾರು ಹೇಳಿರ್ತಾರೆ? ಭಾವ ಒಂದು ವರ್ಷದ್ದೂ ಸಲ್ಲಿಸಿರಲಿಲ್ಲ. ಗೊತ್ತಿಲ್ಲದೆ ಬಿಟ್ಟವರಿಗೆ ಅಂತಲೇ ಒಂದು ದಾರಿ ಇದೆ: ಹಿಂದಿನ ಮೂರು ವರ್ಷದ ರಿಟರ್ನು, ಆರು ವರ್ಷದ ಹೊರದೇಶದ ಬ್ಯಾಂಕ್ ಖಾತೆಗಳ ವರದಿ ಒಟ್ಟಿಗೆ ಕೊಟ್ಟು ಸರಿಮಾಡಿಕೊಳ್ಳಬಹುದು. ಎಲ್ಲಾ ಖಾತೆಗಳೂ ಸೇರಿ ಯಾವುದಾದರೂ ದಿನ 10,000 ಡಾಲರ್ ದಾಟಿದ್ದರೆ ಆ ವರದಿ ಕೊಡಬೇಕು. ಬೆಂಗಳೂರಿನ ಸ್ಯಾಲರಿ ಅಕೌಂಟು, ಅಮ್ಮನ ಜೊತೆಗಿನ ಜಂಟಿ ಎಫ್‌ಡಿ, ಎಲ್ಲವೂ ಅಲ್ಲಿ ಹೊರದೇಶದ ಖಾತೆಯೇ!

ಸರಿ, ಸಂಬಳ ಸೊನ್ನೆ. ಆಸ್ತಿ ತೋರಿಸಬಹುದಾ? ತೋರಿಸಬಹುದು. ಪ್ರಜೆಯ ಸಂಗಾತಿಯ ವಿಷಯದಲ್ಲಿ, ಎಷ್ಟು ಕಡಿಮೆ ಬಿದ್ದಿದೆಯೋ ಅದರ ಮೂರರಷ್ಟು ಆಸ್ತಿ ಬೇಕು. ಆದಾಯ ಪೂರ್ತಿ ಸೊನ್ನೆ ಅಂದರೆ ಇಬ್ಬರ ಮನೆಗೆ 79,311 ಡಾಲರ್, ಸುಮಾರು 68 ಲಕ್ಷ ರೂಪಾಯಿ. ಮೂವರಿಗೆ 99,936. ಬ್ಯಾಂಕಿನ ಹಣ, ಷೇರು, ಎಫ್‌ಡಿ, ಸೈಟು ಯಾವುದಾದರೂ ಆಗಬಹುದು, ಆದರೆ ಒಂದು ವರ್ಷದೊಳಗೆ ಮಾರಿ ನಗದು ಮಾಡಿಕೊಳ್ಳುವಂತಿರಬೇಕು. ಅಜ್ಜನ ಹೆಸರಲ್ಲೇ ಇರೋ, ನಾಲ್ಕು ಜನ ಚಿಕ್ಕಪ್ಪಂದಿರ ಪಾಲು ಆಗದ ತೋಟವನ್ನು ಇಟ್ಟುಕೊಂಡು ಮುಂಬೈಗೆ ಹೋದರೆ ಪ್ರಯೋಜನ ಇಲ್ಲ. ಸಂಬಳದಲ್ಲಿ ಲೆಕ್ಕಕ್ಕೆ ಬಾರದ ಅಕ್ಕ ಇಲ್ಲಿ ಲೆಕ್ಕಕ್ಕೆ ಬರ್ತಾರೆ: ವಲಸೆ ಹೋಗುವವರ ಸ್ವಂತ ಆಸ್ತಿಯನ್ನೂ ಸೇರಿಸಬಹುದು. ಅದನ್ನು ಇಲ್ಲಿಂದ ಸಾಗಿಸೋಕೆ ಆಗುತ್ತೆ ಅಂತ ತೋರಿಸಬೇಕು ಅಷ್ಟೇ. ನಮ್ಮ ರಿಸರ್ವ್ ಬ್ಯಾಂಕ್ ಭಾರತದಲ್ಲಿ ವಾಸಿಸುವ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸೋಕೆ ಬಿಡುತ್ತೆ.

ಭಾವ ಅಕ್ಕ ಇಬ್ಬರದೂ ಸೇರಿಸಿದರೂ ಅಷ್ಟು ಆಗಲಿಲ್ಲ. ಆಗಲೇ ಆ ಏಜೆಂಟ್ ಹೇಳಿದ 'ಒಂದು ಸಹಿ' ಬಂದದ್ದು.

ಆ ಒಂದು ಸಹಿ

ಜಂಟಿ ಜಾಮೀನುದಾರ ಅಂತ ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದು. ಅವರು ನೆಂಟರೇ ಆಗಬೇಕಿಲ್ಲ. 18 ತುಂಬಿರಬೇಕು, ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು, ಅಲ್ಲೇ ನೆಲೆಸಿರಬೇಕು. ಅವರ ಮನೆಯಲ್ಲಿ ನಾಲ್ಕು ಜನ ಇದ್ದರೆ ಅಕ್ಕನನ್ನೂ ಸೇರಿಸಿ ಐದು ಅಂತ ಲೆಕ್ಕ, ಅಂದರೆ 47,062 ಡಾಲರ್ ಆದಾಯ ತೋರಿಸಬೇಕು.

ಭಾವನ ಅಮ್ಮ ಮೊದಲು ಕೇಳಿದ್ದು ಅಲ್ಲಿರೋ ತಮ್ಮ ಸೋದರಸಂಬಂಧಿ ಒಬ್ಬರನ್ನು. ಭಾವನಿಗೆ ಅವರು ಮಾಮ ಆಗಬೇಕು. ಎರಡು ದಿನ ಬಿಟ್ಟು ಮಾಮ ಬೇಡ ಅಂದರು. ಮನೆಯಲ್ಲಿ ದೊಡ್ಡ ಬೇಜಾರಾಯ್ತು. "ಒಂದು ಸಹಿಗೆ ಇಷ್ಟಾ? ಊರಿಗೆ ಬಂದಾಗ ನಮ್ಮನೇಲೇ ಉಳ್ಕೊಳ್ತಾನೆ" ಅಂತ ಆ ಅತ್ತೆ ಇವತ್ತಿಗೂ ಹೇಳ್ತಾರಂತೆ. ಫಾರ್ಮು ಓದಿದ ಮೇಲೆ ನಮಗಂತೂ ಮಾಮನ ಮೇಲೆ ಸಿಟ್ಟು ಬರಲಿಲ್ಲ.

ಯಾಕೆ ಅಂದರೆ ಈ ಜಾಮೀನು ಯಾವಾಗ ಮುಗಿಯುತ್ತೆ ಅಂತ ನೋಡಿ. ವಲಸೆ ಬಂದವರು ಅಮೆರಿಕದ ಪ್ರಜೆಯಾದಾಗ ಮುಗಿಯುತ್ತೆ. ಅಥವಾ ಅವರ ಖಾತೆಯಲ್ಲಿ ದುಡಿಮೆಯ 40 ಕ್ವಾರ್ಟರ್ ಸೇರಿದಾಗ; ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಹಾಗಾಗಿ ಸುಮಾರು ಹತ್ತು ವರ್ಷ. 2025ರಲ್ಲಿ ಒಂದು ಕ್ವಾರ್ಟರ್ ಸಿಗೋಕೆ 1,810 ಡಾಲರ್ ದುಡಿಯಬೇಕು. ಮದುವೆಯ ಕಾಲದಲ್ಲಿ ಸಂಗಾತಿ ದುಡಿದದ್ದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು. ಅಥವಾ ಅವರು ಗ್ರೀನ್ ಕಾರ್ಡ್ ಬಿಟ್ಟು ಅಮೆರಿಕದಿಂದ ಹೊರಟುಹೋದಾಗ. ಅಥವಾ ಇಬ್ಬರಲ್ಲಿ ಯಾರಾದರೂ ಸತ್ತಾಗ.

ಈ ಸಾಲಿನಲ್ಲಿ ಡೈವೋರ್ಸ್ ಇಲ್ಲ. ನಾವು ಮೂರು ಸಲ ಓದಿ ನೋಡಿದ್ವಿ, ಇಲ್ಲ. ಮದುವೆ ಮುರಿದರೂ ಜಾಮೀನು ಮುರಿಯಲ್ಲ. ಗಂಡ ಹೆಂಡತಿ ಬೇರೆಯಾದ ಮೇಲೂ, ಎಲ್ಲೋ ಟೆಕ್ಸಾಸಿನಲ್ಲಿ ಕೂತಿರೋ ಮಾಮ ಹೊಣೆಯಾಗಿಯೇ ಇರುತ್ತಾನೆ. ಸರ್ಕಾರ ಮಾತ್ರ ಅಲ್ಲ, ಸ್ವತಃ ವಲಸೆ ಬಂದವರೇ ಜಾಮೀನುದಾರನ ಮೇಲೆ ಕೇಸ್ ಹಾಕಬಹುದು, ನನ್ನ ಆದಾಯ ಶೇಕಡ 125ರ ಮಟ್ಟಕ್ಕೆ ಬರುವಷ್ಟು ಕೊಡು ಅಂತ. 2012ರಲ್ಲಿ ಏಳನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟಿನಲ್ಲಿ ಇಂಥದ್ದೊಂದು ಕೇಸ್ ಬಂತು. ಅವಳು ಕೆಲಸ ಹುಡುಕುತ್ತಲೇ ಇಲ್ಲ, ನಾನ್ಯಾಕೆ ಕೊಡಲಿ ಅನ್ನೋದು ಮಾಜಿ ಗಂಡನ ವಾದ. ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಬರೆದ ತೀರ್ಪು ಆ ವಾದವನ್ನು ಒಪ್ಪಲಿಲ್ಲ: ಜಾಮೀನು ಹಾಕಿಸಿಕೊಂಡವರು ಕೆಲಸ ಹುಡುಕಿರಲೇಬೇಕು ಅನ್ನೋ ಷರತ್ತು ಈ ಕರಾರಿನಲ್ಲಿಲ್ಲ. 2016ರಲ್ಲಿ ಒಂಬತ್ತನೇ ಸರ್ಕ್ಯೂಟು, ಮದುವೆಗೆ ಮುಂಚೆ ಮಾಡಿಕೊಂಡ ಒಪ್ಪಂದದಿಂದಲೂ ಇದನ್ನು ಅಳಿಸಲಾಗಲ್ಲ ಅಂತ ಹೇಳಿತು.

ಗಂಡನಿಗೆ ಇದು ಅನ್ಯಾಯ ಅಂತ ನಮ್ಮಲ್ಲೇ ಕೆಲವರು ವಾದ ಮಾಡಿದರು. ಆದರೆ ಬೇರೆ ದೇಶದಲ್ಲಿ, ತನ್ನವರು ಅಂತ ಯಾರೂ ಇಲ್ಲದ ಕಡೆ, ಗಂಡ ಬಿಟ್ಟುಹೋದರೆ ಅಕ್ಕನ ಕೈಯಲ್ಲಿ ಉಳಿಯೋ ಒಂದೇ ಕಾಗದ ಇದು. ಎಷ್ಟು ಜನ ಹೆಣ್ಣುಮಕ್ಕಳಿಗೆ ಈ ಕಾಗದದ ಬಗ್ಗೆ ಗೊತ್ತಿದೆಯೋ? ನಮ್ಮ ಗೆಳತಿ ತನ್ನ ಅಕ್ಕನನ್ನು ಕೇಳಿದಾಗ ಅವರಿಗೇ ಗೊತ್ತಿರಲಿಲ್ಲ.

ಕೊನೆಗೆ ಸಹಿ ಹಾಕಿದ್ದು ಭಾವನ ಅಪ್ಪನ ಹಳೇ ಸಹೋದ್ಯೋಗಿ ಒಬ್ಬರು. ಅವರು ಎಲ್ಲಾ ಓದಿಯೇ ಸಹಿ ಹಾಕಿದರಂತೆ.

ಸಾಲ ತರಲಾಗದ ವಸ್ತು

ಹಾಗಾದರೆ ಮುಂಬೈಯಲ್ಲಿ ಆ ಚೀಟಿ ಯಾಕೆ ಬಂತು? ಜಂಟಿ ಜಾಮೀನುದಾರ ತುಂಬಿಕೊಡೋದು ಆದಾಯವನ್ನು ಮಾತ್ರ. ಡಾಮಿಸೈಲ್ ಅಂತಾರಲ್ಲ, ಅಮೆರಿಕವೇ ನನ್ನ ಮುಖ್ಯ ನೆಲೆ ಅನ್ನೋದು, ಅದನ್ನು ಅರ್ಜಿ ಹಾಕಿದ ಗಂಡ ಅಥವಾ ಹೆಂಡತಿಯೇ ತೋರಿಸಬೇಕು. ಹಣವನ್ನು ಇನ್ನೊಬ್ಬರ ಹೆಗಲ ಮೇಲೆ ಹಾಕಬಹುದು, ನೆಲೆಯನ್ನು ಹಾಕಲಾಗಲ್ಲ. ಕೋಟ್ಯಧಿಪತಿ ಜಂಟಿ ಜಾಮೀನು ಹಾಕಿದರೂ ಅಷ್ಟೇ.

ಸಿಇಟಿಗೆ ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಓ ಆಫೀಸಿಗೆ ಅಲೆದವರು ಇದನ್ನು ಬೇಗ ಹಿಡಿಯುತ್ತೀರಿ. ಕನ್ನಡ ಮಾತಾಡ್ತೀನಿ, ನಮ್ಮಜ್ಜಿ ಮನೆ ಇಲ್ಲೇ ಇದೆ ಅಂದರೆ ಸಾಲದು, ಸೀಲು ಬೇಕು. ಅಮೆರಿಕದವರದ್ದು ಸ್ವಲ್ಪ ವಾಸಿ, ಇಷ್ಟೇ ವರ್ಷ ಇದ್ದಿರಬೇಕು ಅಂತ ಕೇಳಲ್ಲ. ಹೊರಗಿರುವವರು ಸಂಗಾತಿ ಕಾಲಿಡುವ ದಿನಕ್ಕಿಂತ ತಡವಾಗದಂತೆ ಅಲ್ಲಿ ನೆಲೆ ಮಾಡಿಕೊಳ್ಳುತ್ತೇನೆ ಅಂತ ನಂಬಿಸಬೇಕು. ಒಂದೇ ವಿಮಾನದಲ್ಲಿ ಹೋದರೂ ನಡೆಯುತ್ತೆ. ಅಮೆರಿಕ ಸರ್ಕಾರದ ಕೆಲಸದ ಮೇಲೆ, ಅಥವಾ ಅಲ್ಲಿನ ಕೆಲವು ಬಗೆಯ ಕಂಪನಿಗಳು ಕಳಿಸಿ ಹೊರಗಿರುವವರಿಗೆ ನೆಲೆ ಉಳಿದೇ ಇದೆ ಅಂತ ಲೆಕ್ಕ. ಉಳಿದವರು ಕಾಗದ ತೋರಿಸಬೇಕು: ಅಲ್ಲಿ ತೆರೆದ ಬ್ಯಾಂಕ್ ಖಾತೆ, ಅಲ್ಲಿಗೆ ಕಳಿಸಿದ ಹಣ, ಬಾಡಿಗೆ ಕರಾರು, ಕೆಲಸಕ್ಕೆ ಹಾಕಿದ ಅರ್ಜಿಗಳು, ಮಗುವಿಗೆ ಶಾಲೆ, ಮತ ಹಾಕಿದ ದಾಖಲೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಅಂತೂ ಫಾರ್ಮಿನಲ್ಲೇ ಕೇಳ್ತಾರೆ.

ಭಾವನ ಹತ್ತಿರ ಏನಿತ್ತು? ಪಾಸ್‌ಪೋರ್ಟು, ಜನನ ಪತ್ರ. ಮಗುವಾಗಿದ್ದಾಗ ಇದ್ದ ನಾಲ್ಕು ವರ್ಷ.

ಆ ನಾಲ್ಕು ವರ್ಷ ಇನ್ನೊಂದು ಕಡೆಯೂ ಕೈ ಕೊಟ್ಟಿತ್ತು. ಅಪ್ಪ ಅಮೆರಿಕನ್, ಹಾಗಾಗಿ ಮಗುವೂ ಅಮೆರಿಕನ್ ಅಂತ ಎಲ್ಲರೂ ಅಂದುಕೊಂಡಿದ್ದರು. ಮಗು ಹೊರದೇಶದಲ್ಲಿ ಹುಟ್ಟಿ, ತಂದೆ ತಾಯಿಯಲ್ಲಿ ಒಬ್ಬರು ಮಾತ್ರ ಪ್ರಜೆಯಾಗಿದ್ದರೆ, ಆ ಒಬ್ಬರು ಮಗು ಹುಟ್ಟುವ ಮೊದಲು ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲೆ. ಭಾವನದು ಎರಡೂ ಕಡಿಮೆ. ಮಗುವಿಗೆ ಬೇರೆ ಐ-130, ಬೇರೆ ವೀಸಾ ಬೇಕಾಯ್ತು. ಒಂದೇ ಸಮಾಧಾನ, 2001ರಿಂದ ಜಾರಿಯಲ್ಲಿರೋ ಕಾನೂನಿನ ಪ್ರಕಾರ, 18 ತುಂಬದ ಇಂಥ ಮಗು ಗ್ರೀನ್ ಕಾರ್ಡಿನ ವೀಸಾದಲ್ಲಿ ಅಲ್ಲಿಗೆ ಹೋಗಿ ಪ್ರಜೆಯಾದ ತಂದೆ ಅಥವಾ ತಾಯಿಯ ಜೊತೆ ಇದ್ದರೆ ತಾನಾಗಿಯೇ ಪ್ರಜೆಯಾಗುತ್ತೆ. ಆದ್ದರಿಂದ ಅದಕ್ಕೆ ಐ-864 ಬೇಡ.

ಚೀಟಿ ಬಂದ ಮೇಲೆ ಭಾವ ಒಬ್ಬರೇ ಹೋದರು. ಮಗುವಿಗೆ ಆಗ ಎಂಟು ತಿಂಗಳು. ಒಂದು ರೂಮು ಬಾಡಿಗೆಗೆ ಹಿಡಿದು, ಖಾತೆ ತೆರೆದು, ಡ್ರೈವಿಂಗ್ ಲೈಸೆನ್ಸ್ ತಗೊಂಡು, ಎರಡು ತಿಂಗಳು ಅಲೆದ ಮೇಲೆ ಕೆಲಸ ಸಿಕ್ಕಿತು. ಸಂಬಳ 33,312ನ್ನು ಆರಾಮಾಗಿ ದಾಟಿತು. ಹಾಗಾಗಿ ಹೊಸದಾಗಿ ಫಾರ್ಮು ತುಂಬಿ, ತಾವೊಬ್ಬರೇ ಜಾಮೀನು ನಿಂತು, ಅಪ್ಪನ ಸಹೋದ್ಯೋಗಿಯ ಕಾಗದವನ್ನು ಹಿಂದಕ್ಕೆ ಪಡೆದರು. ವೀಸಾ ಕೊಡುವ ಮುಂಚೆ ಹಾಗೆ ಹಿಂದಕ್ಕೆ ಪಡೆಯಬಹುದು. ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಅವರು ನೋಡಿದ್ದು ಫೋನಿನಲ್ಲಿ, ಅಲ್ಲಿನ ರಾತ್ರಿ ಎರಡು ಗಂಟೆಗೆ.

ಬ್ರಿಟನ್ನಿನಲ್ಲಾದರೆ

ಎಲ್ಲಾ ದೇಶವೂ ಹೀಗೇನಾ ಅಂತ ಬ್ರಿಟನ್ ಕಡೆ ಒಂದು ಕಣ್ಣು ಹಾಕಿದ್ವಿ. ಅಲ್ಲಿ ಪ್ರಶ್ನೆಯೇ ಬೇರೆ. 2012ರಲ್ಲಿ ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಬೇಕು ಅಂತ ಮಾಡಿದರು. 2024ರ ಏಪ್ರಿಲ್‌ನಲ್ಲಿ ಅದು ಒಂದೇ ಏಟಿಗೆ 29,000 ಆಯ್ತು. ಹೊರದೇಶದಿಂದ ವಾಪಸ್ ಬರುವ ಬ್ರಿಟಿಷ್ ಪ್ರಜೆಯ ಹೊರದೇಶದ ಸಂಬಳವನ್ನು ಅಲ್ಲಿ ನೋಡ್ತಾರೆ. ಆದರೆ ಅದರ ಜೊತೆಗೆ, ವಾಪಸಾದ ಮೂರು ತಿಂಗಳೊಳಗೆ ಶುರುವಾಗುವ, ಅಷ್ಟೇ ಸಂಬಳದ ಕೆಲಸದ ಪತ್ರವೂ ಬೇಕು. ಉಳಿತಾಯದಿಂದಲೇ ತೋರಿಸ್ತೀನಿ ಅಂದರೆ 88,500 ಪೌಂಡ್, ಅದೂ ಆರು ತಿಂಗಳಿಂದ ಕೈಯಲ್ಲಿರಬೇಕು. ಜಂಟಿ ಜಾಮೀನುದಾರ ಅನ್ನೋ ಏರ್ಪಾಡೇ ಇಲ್ಲ. ನಮಗೆ ಇದೇ ಹೆಚ್ಚು ಕಠಿಣ ಅನ್ನಿಸಿತು, ಮಾಮಂದಿರಿಗೆ ಮಾತ್ರ ನೆಮ್ಮದಿ.

ಈ ಗೋಡೆ ಸುತ್ತಿಕೊಂಡು ಹೋಗೋ ದಾರಿಯೊಂದಕ್ಕೆ ಒಬ್ಬ ಭಾರತೀಯನ ಹೆಸರೇ ಇತ್ತು, ಸುರಿಂದರ್ ಸಿಂಗ್ ದಾರಿ. ಅವರ ಹೆಂಡತಿ ಬ್ರಿಟಿಷ್ ಪ್ರಜೆ. 1983ರಿಂದ 1985ರವರೆಗೆ ಇಬ್ಬರೂ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ವಾಪಸಾಗಿದ್ದರು. ಯುರೋಪಿನ ಇನ್ನೊಂದು ದೇಶದಲ್ಲಿ ದುಡಿದು ಬಂದ ಪ್ರಜೆಯ ಸಂಗಾತಿಗೆ ಯುರೋಪಿನ ಕಾನೂನೇ ಅನ್ವಯ ಅಂತ 1992ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಆಮೇಲೆ ಎಷ್ಟೋ ಜೋಡಿಗಳು ಐರ್ಲೆಂಡಿನಂಥ ಕಡೆ ಕೆಲ ತಿಂಗಳು ಕೆಲಸ ಮಾಡಿ, ಆದಾಯದ ಷರತ್ತು ಇಲ್ಲದೆ ಒಳಗೆ ಬಂದರು. ಬ್ರೆಕ್ಸಿಟ್ ಆದ ಮೇಲೆ 2022ರ ಮಾರ್ಚ್‌ನಲ್ಲಿ ಆ ಬಾಗಿಲು ಮುಚ್ಚಿತು.

ಈ ಲೇಖನದ ಕರಡನ್ನು ನಮ್ಮ ಮೈಸೂರಿನ ಅಮೆರಿಕನ್ನಿಗೆ ಓದಿ ಹೇಳಿದ್ವಿ. ಐದು ವರ್ಷದ ವಿಷಯ ಬಂದಾಗ ಅವನು ತಡೆದು, ಬೆರಳು ಮಡಚಿ ಎಣಿಸಿದ. ಮೂರು ವರ್ಷ ಏಳು ತಿಂಗಳು. ಆಮೇಲೆ ಅಲ್ಲೇ ಕ್ಯಾಂಟೀನಿನಿಂದ ಅಮ್ಮನಿಗೆ ಫೋನ್ ಮಾಡಿ, ನನ್ನ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಎಲ್ಲಿದೆ ಅಂತ ಕೇಳಿದ. ಸ್ಪೀಕರ್ ಹಾಕಿದ್ದ, ನಮಗೂ ಕೇಳಿಸಿತು.

"ಬೀರುವಿನಲ್ಲಿ, ನನ್ನ ಧಾರೆ ಸೀರೆ ಕೆಳಗೆ ಇಟ್ಟಿದ್ದೆ ಕಣೋ. ಇದ್ದಕ್ಕಿದ್ದ ಹಾಗೆ ಯಾಕೆ? ಊಟ ಆಯ್ತಾ?"